ಬಿಚ್ಚಿದ್ದಕ್ಕೆಲ್ಲ ಚೀಟಿ ಕಟ್ಟುವ ಅಟ್ರಾಕ್ಟಾ

ಏಪ್ರಿಲ್ ತಿಂಗಳ ಒಂದು ಬೆಳಿಗ್ಗೆ, ಆರೂ ಇಪ್ಪತ್ತು. ಐರ್ಲೆಂಡಿನ ಮೀನಾಲಾರ ಎಂಬ ಹಳ್ಳಿಯ ಗುಡ್ಡದ ಹಿಂದೆ ಈಗಷ್ಟೇ ಬೆಳಕು ಬಿಡುತ್ತಿದೆ. ಕುರಿಗಳು ಎದ್ದು ಗೊಣಗುತ್ತಿವೆ. ಮನೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ ಅಟ್ರಾಕ್ಟಾ ಗಿಲ್ಡೇ ತೋಳು ಮಡಚಿ, ಕಣ್ಣು ಮುಚ್ಚಿಕೊಂಡು, ಮಗುಚಿ ಇಟ್ಟ ಎಂಜಿನ್ನಿನ ಮುಂದೆ ನಿಂತಿದ್ದಾರೆ. ಎರಡು ಬೆರಳಿನಿಂದ ಅದರ ಕ್ರ್ಯಾಂಕನ್ನು ಮೆಲ್ಲಗೆ ತಿರುಗಿಸುತ್ತಾರೆ. ಭಾರವಾದ ಉಕ್ಕಿನ ದಂಡ ಎಣ್ಣೆಯ ಮೇಲೆ ತೇಲಿದಂತೆ ಒಂದು ಸುತ್ತು ಹಾಕಿ ನಿಲ್ಲುತ್ತದೆ.

"ಎರಡನೇದು ಸರಿ. ಬರ್ಕೋ," ಅನ್ನುತ್ತಾರೆ.

ಮೂಲೆಯ ಕುರ್ಚಿಯಲ್ಲಿ ಕೂತ ಗಂಡ ಕಾಂಡಿ ಎಡಗೈಯಲ್ಲಿ ಪೆನ್ಸಿಲ್ ಹಿಡಿದು ಬರೆದುಕೊಳ್ಳುತ್ತಾರೆ. ಅಟ್ರಾಕ್ಟಾ ಕ್ರ್ಯಾಂಕ್ ಕೂರುವ ಐದು ಬೇರಿಂಗುಗಳಲ್ಲಿ ಮೂರನೆಯದರ ಮುಚ್ಚಳ ಕೂರಿಸುತ್ತಾರೆ. ಎರಡು ಬೋಲ್ಟು. ಮೊದಲು ಕೈಯಲ್ಲಿ, ಆಮೇಲೆ ಸ್ಪ್ಯಾನರಿನಲ್ಲಿ, ಕೊನೆಗೆ ಎಷ್ಟು ಬಿಗಿಯಾಯಿತೆಂದು ಮುಳ್ಳು ತೋರಿಸುವ ಉದ್ದನೆಯ ರೆಂಚಿನಲ್ಲಿ. ಮತ್ತೆ ಎರಡು ಬೆರಳು. ಮತ್ತೆ ಕಣ್ಣು ಮುಚ್ಚಿ ತಿರುಗಿಸುತ್ತಾರೆ. ಈ ಸಲ ಹುಬ್ಬು ಗಂಟಿಕ್ಕುತ್ತದೆ.

"ಏನಾಯ್ತೇ?"

"ಹಿಡೀತಿದೆ."

"ತುಂಬಾನಾ?"

"ಇಲ್ಲ. ಸ್ವಲ್ಪ."

ಕಾಂಡಿ ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡು ಕೆಟಲ್ ಕಡೆಗೆ ಎದ್ದು ಹೋಗುತ್ತಾರೆ. ಈ ಶೆಡ್ಡಿನಲ್ಲಿ 'ಸ್ವಲ್ಪ' ಎಂಬ ಮಾತು ಬಂತೆಂದರೆ ಆ ದಿನ ಬೇರೆ ಯಾವ ಕೆಲಸವೂ ನಡೆಯುವುದಿಲ್ಲ ಎಂದು ಅವರಿಗೆ ಗೊತ್ತು.

ಡೊನೆಗಾಲ್‌ನಲ್ಲಿ ಕಾರಿನ ರ‍್ಯಾಲಿಗೆ ಇಳಿಯುವವರ ಹೆಸರು ಮಕ್ಕಳಿಗೂ ಬಾಯಿಪಾಠ. ಯಾರು ಯಾವ ತಿರುವಿನಲ್ಲಿ ಯಾವ ಗೇರಿನಲ್ಲಿದ್ದರು ಅಂತ ಪಬ್ಬಿನಲ್ಲಿ ಕೈಕೈ ಮಿಲಾಯಿಸುವವರಿದ್ದಾರೆ. ಆದರೆ ಆ ಕಾರುಗಳಲ್ಲಿ ಕಡೇ ಪಕ್ಷ ಹತ್ತರಲ್ಲಿ ಒಂದರ ಎಂಜಿನ್ ಈ ತಗಡಿನ ಸೂರಿನಡಿ, ಕಮ್ಮಾರಿಕೆಯ ಗಂಧವೂ ಇಲ್ಲದ ಮನೆತನದಲ್ಲಿ ಹುಟ್ಟಿದ, ಅರವತ್ತನಾಲ್ಕು ವರ್ಷದ ಈ ಹೆಂಗಸಿನ ಕೈಯಲ್ಲಿ ಬಿಚ್ಚಿ ಕಟ್ಟಿಸಿಕೊಂಡದ್ದು ಅಂತ ಬಹಳ ಜನಕ್ಕೆ ತಿಳಿಯದು. ರಸ್ತೆಗೆ ಬೋರ್ಡಿಲ್ಲ. ಹುಡುಕಿಕೊಂಡು ಬರುವವರು ಹಾಲಿನ ಲಾರಿಯವನನ್ನು ಕೇಳಿ ಬರುತ್ತಾರೆ. ಈಗ ಪೇಪರಿಗೆ ಅವರ ಬಗ್ಗೆ ಬರೆಯುತ್ತಿರುವ ನಾನೂ ಹತ್ತೊಂಬತ್ತು ವರ್ಷದ ಹಿಂದೆ ಹೊಗೆ ಉಗುಳುತ್ತಿದ್ದ ನನ್ನ ಹಳೇ ಕಾರನ್ನು ಹಾಗೇ ಕೇಳಿಕೊಂಡು ತಂದಿದ್ದೆ. ಅಂದು ಅವರು ನನ್ನ ಕಾರಿಗೆ ಎರಡೂವರೆ ವಾರ ತೆಗೆದುಕೊಂಡರು. "ಇಷ್ಟು ದಿನ ಯಾಕೆ?" ಎಂದು ಕೇಳಿದ್ದಕ್ಕೆ, "ನಿಮಗೆ ಎಂಜಿನ್ ಬೇಕೋ, ಕ್ಯಾಲೆಂಡರ್ ಬೇಕೋ?" ಅಂದರು.

ಶೆಡ್ಡಿನೊಳಗೆ ಕಾಲಿಟ್ಟರೆ ಮೊದಲು ಕಣ್ಣಿಗೆ ಬೀಳುವುದು ಚೀಟಿಗಳು. ಬಿಚ್ಚಿದ ಪ್ರತಿ ವಸ್ತುವಿಗೂ ದಾರದಲ್ಲಿ ಕಟ್ಟಿದ ಒಂದು ರಟ್ಟಿನ ಚೀಟಿ. ಯಾವ ಸಿಲಿಂಡರಿನದು, ಯಾವ ಪಕ್ಕದ್ದು, ಯಾವ ಮುಖ ಮುಂದಕ್ಕೆ, ಬಿಚ್ಚುವಾಗ ಹೇಗಿತ್ತು, ಎಲ್ಲ ಅದರಲ್ಲಿರುತ್ತದೆ. ನಾಲ್ಕು ಸಿಲಿಂಡರಿನ ಒಂದು ಎಂಜಿನ್ನಿಗೆ ನೂರೆಂಬತ್ತು ಚೀಟಿ. ಬೋಲ್ಟುಗಳು ಬೇರೆ, ಅವು ಮೊಟ್ಟೆಯ ಖಾಲಿ ಟ್ರೇಗಳಲ್ಲಿ ಸಾಲಾಗಿ ಕೂತಿರುತ್ತವೆ.

"ಈ ಅಭ್ಯಾಸ ಅಂಗಿ ಕಾರ್ಖಾನೆದು," ಅನ್ನುತ್ತಾರೆ. ಹದಿನೈದನೇ ವಯಸ್ಸಿಗೆ ಅವರು ಅಂಗಿ ಹೊಲಿಯುವ ಕಾರ್ಖಾನೆಗೆ ಸೇರಿದರು. "ಕಾಲರ್ ಒಂದು ಕಡೆ, ತೋಳು ಒಂದು ಕಡೆ, ಬೆನ್ನು ಒಂದು ಕಡೆ ಬರೋದು. ಚೀಟಿ ಇಲ್ಲದ ಕಟ್ಟು ಬಂದ್ರೆ ಮುಟ್ಟೋ ಹಾಗಿರಲಿಲ್ಲ. ಒಂದು ಬೆನ್ನು ಅದಲು ಬದಲಾದ್ರೆ ಇಡೀ ಡಜನ್ ಅಂಗಿ ಕುಲಗೆಟ್ಟು ಹೋಗೋದು. ಎಂಜಿನ್ನೂ ಹಾಗೇ. ಬೇರಿಂಗಿನ ಮುಚ್ಚಳ ಐದೂ ಒಂದೇ ಥರ ಕಾಣುತ್ತೆ. ಆದ್ರೆ ಒಂದರ ಜಾಗಕ್ಕೆ ಇನ್ನೊಂದು ಹೋಗಲ್ಲ, ಹಿಂದುಮುಂದಾಗಿ ಕೂರಿಸಿದ್ರೂ ಆಗಲ್ಲ. ನೆನಪಿಟ್ಕೋತೀನಿ ಅಂತಾರೆ ಗಂಡಸರು. ಮದುವೆ ದಿನ ನೆನಪಿರಲ್ಲ ಇವರಿಗೆ."

"ಆಗಸ್ಟ್ ಒಂಬತ್ತು," ಮೂಲೆಯಿಂದ ಕಾಂಡಿ.

"ಹನ್ನೊಂದು ಕಣಯ್ಯಾ."

ಕಾಂಡಿ ಈ ಶೆಡ್ಡಿನ ಮೂಲ ಮೆಕ್ಯಾನಿಕ್. ಮೂವತ್ತು ವರ್ಷದ ಹಿಂದೆ, ಎತ್ತುತ್ತಿದ್ದ ಗೇರ್ ಬಾಕ್ಸು ಜಾರಿ ಅವರ ಬಲಗೈ ಮೇಲೆ ಬಿತ್ತು. ಮೂರು ಬೆರಳು ಮತ್ತೆ ಮಡಚಲೇ ಇಲ್ಲ. ಅದೇ ವರ್ಷ ಹಿಮ ಬೀಳುವ ಹೊತ್ತಿಗೆ ಅಂಗಿ ಕಾರ್ಖಾನೆಯೂ ಮುಚ್ಚಿತು. ಮನೆಯಲ್ಲಿ ಇಬ್ಬರು ಹೆಣ್ಣುಮಕ್ಕಳು, ಶೆಡ್ಡಿನಲ್ಲಿ ಅರ್ಧ ಬಿಚ್ಚಿ ಬಿಟ್ಟ ಎರಡು ಎಂಜಿನ್ನು. ಒಂದು ಬೆಳಿಗ್ಗೆ ಅಟ್ರಾಕ್ಟಾ ಮಕ್ಕಳನ್ನು ಶಾಲೆಗೆ ಬಿಟ್ಟು ಬಂದು, ಗಂಡನನ್ನು ಕುರ್ಚಿ ಸಮೇತ ಶೆಡ್ಡಿಗೆ ಎಳೆದುಕೊಂಡು ಹೋದರು. "ನೀನು ಹೇಳು, ನಾನು ಮಾಡ್ತೀನಿ" ಅಂದರು.

"ಮೊದಲನೇ ವಾರ ಬರೀ ಬೈದ," ಎಂದು ನಗುತ್ತಾರೆ ಅವರು. "ಎರಡನೇ ವಾರ ನಾನು ಬೈದೆ. ಮೂರನೇ ವಾರದಿಂದ ಕೆಲಸ ಶುರುವಾಯ್ತು."

ಗಿರಾಕಿಗಳು ಬಂದು ಅಟ್ರಾಕ್ಟಾರನ್ನು ದಾಟಿ ಕಾಂಡಿಯ ಹತ್ತಿರ ಮಾತಾಡುತ್ತಿದ್ದರು. ಇವರೇ ಸ್ಪ್ಯಾನರ್ ಹಿಡಿದು ನಿಂತಿದ್ದರೂ "ಯಜಮಾನರಿಲ್ವಾ?" ಎಂದು ಕೇಳುತ್ತಿದ್ದರು. ಒಬ್ಬ ರೈತ ತನ್ನ ವ್ಯಾನಿನ ಎಂಜಿನ್ನನ್ನು ಇಳಿಸುವವರೆಗೂ ಇದ್ದು, ಕೆಲಸ ಮಾಡುವುದು ಇವರೆಂದು ತಿಳಿದಾಗ ವಾಪಸ್ ಏರಿಸಿಕೊಂಡು ಹೋದನಂತೆ. "ಆರು ತಿಂಗಳಾದ್ಮೇಲೆ ಅದೇ ವ್ಯಾನು ಹಗ್ಗ ಕಟ್ಟಿಸ್ಕೊಂಡು ಬಂತು," ಎನ್ನುವಾಗ ಅವರ ಮುಖದಲ್ಲಿ ಕಹಿಯಿಲ್ಲ. ಒಳ್ಳೆಯ ಜೋಕು ಹೇಳುವ ಖುಷಿಯಿದೆ.

ಆದರೆ ಊರು ಅವರನ್ನು ನೆನಪಿಟ್ಟುಕೊಂಡದ್ದು ಬೇರೆಯದೇ ಕಾರಣಕ್ಕೆ. ಅದು ಇಪ್ಪತ್ತೆಂಟು ವರ್ಷದ ಹಿಂದಿನ ಒಂದು ಮದುವೆ.

ಪಕ್ಕದ ಹಳ್ಳಿಯ ಡಿನ್ನಿ ಬೊನರ್ ತನ್ನ ದೊಡ್ಡ ಕಪ್ಪು ಕಾರಿನ ಎಂಜಿನ್ನನ್ನು ಮಗಳು ಮಜೆಲ್ಲಾಳ ಮದುವೆಗೆಂದು ಕೆಲಸಕ್ಕೆ ಬಿಟ್ಟಿದ್ದ. ಗಂಡನ ಸಹಾಯವಿಲ್ಲದೆ ಅಟ್ರಾಕ್ಟಾ ಪೂರ್ತಿ ತಾವೇ ಕಟ್ಟಿದ ಮೊದಲ ಎಂಜಿನ್ ಅದು. ಎಣ್ಣೆ ಸೋರದಂತೆ ಭಾಗಗಳ ನಡುವೆ ಇಟ್ಟಿದ್ದ ಹಳೇ ಗ್ಯಾಸ್ಕೆಟ್ ಹಾಳೆಯನ್ನು ಕೆರೆಯುವಾಗ ಕಸ ಒಳಗೆ ಹೋಗಬಾರದೆಂದು ಆಯಿಲ್ ಹೋಗುವ ತೂತುಗಳಿಗೆಲ್ಲ ಕಾರ್ಖಾನೆಯಿಂದ ತಂದಿದ್ದ ಅಂಗಿಬಟ್ಟೆಯ ಚೂರುಗಳನ್ನು ತುರುಕಿದರು. ಕೆರೆದು ಮುಗಿದ ಮೇಲೆ ಚೂರುಗಳನ್ನು ತೆಗೆಯುತ್ತಿದ್ದಾಗ ಮನೆಯೊಳಗೆ ಫೋನು ಹೊಡೆದುಕೊಂಡಿತು. ಹೋಗಿ ಮಾತಾಡಿ ಬಂದರು. ಮುಂದಿನ ಕೆಲಸಕ್ಕೆ ಕೈ ಹಾಕಿದರು.

ಶೆಡ್ಡಿನಲ್ಲಿ ಹತ್ತು ನಿಮಿಷ ಚಾಲೂ ಮಾಡಿ ನೋಡಿದಾಗ ಎಂಜಿನ್ ಜೇನುಹುಳದ ಹಾಗೆ ಹಾಡಿತು. ಮದುವೆಯ ದಿನ ವಧುವನ್ನು ಕೂರಿಸಿಕೊಂಡು ಆರು ಮೈಲಿ ಓಡಿದ ಕಾರು, ಚರ್ಚಿನ ದಿಬ್ಬಕ್ಕೆ ಇನ್ನೂ ಒಂದು ಮೈಲಿ ಇರುವಾಗ ಕಿರ್ರೆಂದು ಕೂಗಿ ನಿಂತಿತು. ಎಂಜಿನ್ ಸೀಜ್, ಅಂದರೆ ಒಳಗೆಲ್ಲ ಕಚ್ಚಿಕೊಂಡು ತಿರುಗದಾಯಿತು. ಮುಂದೆ ಹೊರಟಿದ್ದ ನೆಂಟರ ಕಾರುಗಳೆಲ್ಲ ಆಗಲೇ ಚರ್ಚು ಸೇರಿದ್ದವು. ಮಜೆಲ್ಲಾ ಬಿಳೀ ಬಟ್ಟೆಯ ಅಂಚನ್ನು ಎರಡೂ ಕೈಲಿ ಎತ್ತಿ ಹಿಡಿದು, ಅಪ್ಪನ ಜೊತೆ ಒಂದು ಮೈಲಿ ನಡೆದೇ ಹೋದಳು. ಅಂದು ಮಳೆ ಬಂದಿರಲಿಲ್ಲವಂತೆ, ಆದರೆ ಅದರ ಹಿಂದಿನ ದಿನ ಚೆನ್ನಾಗಿ ಬಂದಿತ್ತಂತೆ.

ಆ ಸಂಜೆ ಹೋಟೆಲಿನ ಊಟದ ಹಾಲಿನಲ್ಲಿ ಕಾಂಡಿ ಹೆಂಡತಿಯ ಕಿವಿಯಲ್ಲಿ ಹೇಳಿದರು, "ನಾನು ಮಾಡಿದ್ದು ಅಂತೀನಿ. ನನ್ನ ಕೈ ಹೀಗಿದೆ, ಯಾರೂ ಏನೂ ಅನ್ನಲ್ಲ." ಅಟ್ರಾಕ್ಟಾ ಒಪ್ಪಲಿಲ್ಲ. ನೂರಾ ಇಪ್ಪತ್ತು ಜನ ಕೂತಿದ್ದ ಹಾಲಿನ ನಡುವೆ ನಡೆದುಹೋಗಿ ಡಿನ್ನಿಯ ಮೇಜಿನ ಮುಂದೆ ನಿಂತರು.

"ಡಿನ್ನಿ, ಎಂಜಿನ್ ಕಟ್ಟಿದ್ದು ನಾನು. ಕಾಂಡಿ ಅಲ್ಲ. ಎಲ್ಲೋ ತಪ್ಪು ಮಾಡಿದೀನಿ, ಎಲ್ಲಿ ಅಂತ ಇನ್ನೂ ಗೊತ್ತಿಲ್ಲ."

ಡಿನ್ನಿ ಬಾಯಲ್ಲಿದ್ದ ಹಂದಿಮಾಂಸ ಅಗಿದು ಮುಗಿಸುವ ತನಕ ಕೂತಿದ್ದವರೆಲ್ಲ ಕಾದರು. "ನಾಳೆ ಬಂದು ಬಿಚ್ಚಿ ನೋಡು," ಅಂದ. "ಈಗ ಕೂತು ಊಟ ಮಾಡು. ಆಲೂಗಡ್ಡೆ ಆರಿ ಹೋಗುತ್ತೆ."

ಮರುದಿನ ಬಿಚ್ಚಿದಾಗ ನಡುವಿನ ಬೇರಿಂಗಿಗೆ ಆಯಿಲ್ ಹೋಗುವ ದಾರಿಯಲ್ಲಿ ಬೆರಳುಗುರಿನಷ್ಟು ಬಟ್ಟೆ ಸಿಕ್ಕಿತು. ತಿಳಿನೀಲಿ ಗೀರಿನದು. ಏಳು ಚೂರು ತುರುಕಿದ್ದರು. ಹೊರಗೆ ಬಂದದ್ದು ಆರು. ಆ ಎಂಜಿನ್ನನ್ನು ಅವರು ಮತ್ತೆ ಮೊದಲಿಂದ ಕಟ್ಟಿಕೊಟ್ಟರು. ಡಿನ್ನಿಯ ಕಾರು ಆಮೇಲೆ ಹನ್ನೊಂದು ವರ್ಷ ಓಡಿತು.

"ಅವತ್ತೇ ಈ ಕೆಲಸ ಬಿಟ್ಟುಬಿಡ್ತಿದ್ದೆ," ಎನ್ನುತ್ತಾರೆ. "ಆ ಆಲೂಗಡ್ಡೆ ಮಾತು ಹೇಳದೇ ಇದ್ದಿದ್ರೆ ಖಂಡಿತ ಬಿಡ್ತಿದ್ದೆ."

ಅಂದಿನಿಂದ ಈ ಶೆಡ್ಡಿಗೆ ಬಟ್ಟೆಯ ಚೂರು ಬಂದಿಲ್ಲ. ತೂತಿಗೆ ಇಡುವುದು ಕೆಂಪು ಪ್ಲಾಸ್ಟಿಕ್ಕಿನ ಬಿರಡೆ. ಇಟ್ಟಾಗ ಗಂಡ ಎಣಿಸುತ್ತಾರೆ, ತೆಗೆದಾಗ ಹೆಂಡತಿ ಎಣಿಸುತ್ತಾರೆ. ಬೋಲ್ಟ್ ಬಿಗಿಯುವಾಗ ಬಾಗಿಲಿಗೆ ಅಗುಳಿ. ಫೋನು ಕಾಂಡಿಯ ಜೇಬಿನಲ್ಲಿ, ಅದೂ ದನಿ ಅಡಗಿಸಿ. ಬೆಳಗಿನ ಜಾವ ಕೆಲಸ ಶುರುಮಾಡುವುದೂ ಇದಕ್ಕೇ: ಆರು ಗಂಟೆಗೆ ಯಾರೂ ಹರಟೆಗೆ ಬರುವುದಿಲ್ಲ.

ಒಂದು ಎಂಜಿನ್ನಿಗೆ ಸರಾಸರಿ ಅರವತ್ತೈದು ಗಂಟೆಯ ಕೆಲಸ. ಅದರಲ್ಲಿ ಮೂವತ್ತು ಗಂಟೆ ಬರೀ ತೊಳೆಯುವುದು. ಬಿಸಿನೀರು, ಸೋಪು, ಬಾಟಲಿ ತೊಳೆಯುವಂಥ ಉದ್ದನೆಯ ಬ್ರಷ್ಷು. ಎಂಜಿನ್ನಿನ ಒಡಲಾದ ಬ್ಲಾಕಿನೊಳಗಿನ ಒಂದೊಂದು ದಾರಿಗೂ ಬ್ರಷ್ ಹಾಕಿ, ಗಾಳಿ ಹೊಡೆದು, ಬಿಳೀ ಕಾಗದದಿಂದ ಒರೆಸಿ, ಕಾಗದ ಬೆಳ್ಳಗೇ ಬರುವವರೆಗೂ ಮತ್ತೆ ತೊಳೆಯುತ್ತಾರೆ. ಆರಿದ ತಕ್ಷಣ ಎಣ್ಣೆ ಸವರಬೇಕು. ಟೀ ಕುಡಿದು ಬರುವಷ್ಟರಲ್ಲಿ ತುಕ್ಕಿನ ಬಣ್ಣ ಬಂದಿರುತ್ತದೆ. ಆಮೇಲೆ ಅಳತೆ. ಹೊಸ ಸಾಮಾನಿನ ಡಬ್ಬದ ಮೇಲೆ ಬರೆದ ಅಳತೆಯನ್ನು ಅವರು ಓದುವುದೇ ಇಲ್ಲ. "ಡಬ್ಬ ಮುಚ್ಚಿದವನಿಗೆ ಆವತ್ತು ಹಲ್ಲುನೋವು ಇದ್ದಿರಬಹುದು," ಎಂದು ಪ್ರತಿಯೊಂದನ್ನೂ ತಾವೇ ಅಳೆಯುತ್ತಾರೆ. ಬೇರಿಂಗಿಗೂ ಕ್ರ್ಯಾಂಕಿಗೂ ನಡುವೆ ಇರಬೇಕಾದ ಸಂದು ತಲೆಗೂದಲಿಗಿಂತ ತೆಳು. ಅಷ್ಟು ಸಂದಿನಲ್ಲಿ ಎಣ್ಣೆ ನಿಂತರೆ ಎಂಜಿನ್ನು ಬದುಕುತ್ತದೆ.

ಇಷ್ಟೆಲ್ಲ ನೋಡಿಕೊಂಡೇ ಕಟ್ಟುತ್ತಿದ್ದ ಎಂಜಿನ್ನು ಆ ಏಪ್ರಿಲ್ ಬೆಳಿಗ್ಗೆ ಮೂರನೇ ಬೇರಿಂಗಿನಲ್ಲಿ 'ಸ್ವಲ್ಪ' ಹಿಡಿಯುತ್ತಿತ್ತು. ಎಂಜಿನ್ನು ಯಾರದು ಗೊತ್ತೇ? ಮಜೆಲ್ಲಾಳ ಮಗಳು ಬ್ರೋನಾಳದು.

ಬ್ರೋನಾಗೆ ಇಪ್ಪತ್ತನಾಲ್ಕು. ವಾರವೆಲ್ಲ ದನದ ಡಾಕ್ಟರ ಕ್ಲಿನಿಕ್ಕಿನಲ್ಲಿ ನರ್ಸು, ಭಾನುವಾರ ಬಂದರೆ ರ‍್ಯಾಲಿ. ಮೂರು ವರ್ಷ ಪಕ್ಕದ ಸೀಟಿನಲ್ಲಿ ಕೂತು ಬೇರೆಯವರಿಗೆ ದಾರಿ ಓದಿ ಹೇಳಿದವಳು ಈ ವರ್ಷ ತಾನೇ ಸ್ಟಿಯರಿಂಗ್ ಹಿಡಿಯಲಿದ್ದಳು. ಈಸ್ಟರ್ ಭಾನುವಾರದ ಓಟಕ್ಕೆ ಹೆಸರು ಕೊಟ್ಟಿದ್ದಳು. ಅದಕ್ಕೆ ಉಳಿದಿದ್ದದ್ದು ಎಂಟು ದಿನ. ಎಂಟು ಗಂಟೆಗೆ ಕೆಲಸಕ್ಕೆ ಹೋಗುವ ದಾರಿಯಲ್ಲಿ ಶೆಡ್ಡಿಗೆ ಇಣುಕಿದಳು.

"ಮುಗೀತಾ ಅಟ್ರಾಕ್ಟಾ?"

"ಇಲ್ಲ ಮಗಳೇ. ಮೂರನೇದು ಬಿಗಿ ಇದೆ."

"ಎಷ್ಟು ಬಿಗಿ? ತಿರುಗಲ್ವಾ?"

"ತಿರುಗುತ್ತೆ."

"ತಿರುಗಿದ್ರೆ ಆಯ್ತಲ್ಲ! ಸ್ವಲ್ಪ ಬಿಗಿ ಇದ್ರೆ ಓಡ್ತಾ ಓಡ್ತಾ ಸಡಿಲ ಆಗುತ್ತೆ ಅಂತ ಎಲ್ಲರೂ ಹೇಳ್ತಾರೆ."

"ಹಾಗೆ ಹೇಳಿದವರ ಎಂಜಿನ್ನೂ ನಾನೇ ಬಿಚ್ಚೋದು," ಅಂದರು ಅಟ್ರಾಕ್ಟಾ, ಅಷ್ಟು ಹೊತ್ತಿಗೆ ಮುಚ್ಚಳ ತೆಗೆದಾಗಿತ್ತು.

ಅರ್ಧಚಂದ್ರದ ಆಕಾರದ ಬೇರಿಂಗ್ ಪಟ್ಟಿಯನ್ನು ಬೆರಳಿನಿಂದ ಎಬ್ಬಿಸಿದರು. ಅದರ ಬೆನ್ನಿಗೆ, ಮುಚ್ಚಳದ ಗೂಡಿನಲ್ಲಿ, ಎಳ್ಳಿಗಿಂತ ಸಣ್ಣ ಒಂದು ಕಪ್ಪು ಚುಕ್ಕೆ ಅಂಟಿಕೊಂಡಿತ್ತು. ಉಗುರಿನಿಂದ ಕೆರೆದು ಬಿಳೀ ಕಾಗದದ ಮೇಲಿಟ್ಟರು. ಒಣಗಿದ ಹಳೇ ಗ್ಯಾಸ್ಕೆಟ್ಟಿನ ಚೂರು. ಮೂವರೂ ಬಗ್ಗಿ ನೋಡಿದರು.

"ಯಾರ ತಪ್ಪು ಇದು?" ಬ್ರೋನಾ ಕೇಳಿದಳು.

"ಇನ್ಯಾರದು? ಕೆರೆದವಳು ನಾನು, ಒರೆಸಿದವಳೂ ನಾನು."

"ಸರಿ, ಸಿಕ್ತಲ್ಲ. ಒರೆಸಿ ಹಾಕಿಬಿಡಿ."

ಅಟ್ರಾಕ್ಟಾ ಪಟ್ಟಿಯನ್ನು ಬೆಳಕಿಗೆ ಹಿಡಿದು ತೋರಿಸಿದರು. ಒಳಮೈಯಲ್ಲಿ, ಚುಕ್ಕೆಯಿದ್ದ ಜಾಗಕ್ಕೆ ಸರಿಯಾಗಿ, ಉಜ್ಜಿ ಹೊಳೆಯುವ ಒಂದು ಗುರುತು. ಕೆಳಗಿದ್ದ ಚೂರು ಪಟ್ಟಿಯನ್ನು ಅಷ್ಟು ಮೇಲೆ ತಳ್ಳಿತ್ತು. "ಇದು ಉಬ್ಬಿದೆ. ಇದನ್ನ ಹಾಕಲ್ಲ. ಹೊಸದು ತರಿಸ್ತೀನಿ, ನನ್ನ ಖರ್ಚಲ್ಲಿ."

ಹಳೇ ಕಾರಿನ ಆ ಅಳತೆಯ ಬೇರಿಂಗು ಇಂಗ್ಲೆಂಡಿನಿಂದ ಬರಬೇಕು. ನಡುವೆ ಈಸ್ಟರ್ ರಜೆ. ಹತ್ತು ದಿನಕ್ಕೆ ಕಡಿಮೆ ಇಲ್ಲ. ಲೆಕ್ಕ ಹಾಕಿ ನೋಡಿದ ಬ್ರೋನಾಳ ಮುಖ ಕೆಂಪಾಯಿತು. ರಜೆ ಹಾಕಿದ್ದೆ, ಟೈರು ತಂದಿದ್ದೆ, ದಾರಿ ಓದುವವಳನ್ನು ಒಪ್ಪಿಸಿದ್ದೆ, ಈಗ ಹುಡುಗರೆಲ್ಲ 'ನಿನ್ನ ಕಾರು ಇನ್ನೂ ಅಜ್ಜಿ ಮನೇಲೇ ಇದ್ಯಾ' ಅಂತ ಕುಟುಕುತ್ತಾರೆ ಎಂದು ಒಂದೇ ಉಸಿರಿಗೆ ಹೇಳಿದಳು. ಸಂಜೆ ಟ್ರೇಲರ್ ತಂದು ಎಂಜಿನ್ನನ್ನು ಹೇಗಿದೆಯೋ ಹಾಗೇ ಒಯ್ಯುತ್ತೇನೆ, ಬೇರೆ ಕಡೆ ಒಂದೇ ದಿನದಲ್ಲಿ ಮಾಡಿಕೊಡುತ್ತಾರೆ ಅಂದಳು. ಬಾಗಿಲನ್ನು ಎಳೆದುಕೊಂಡ ಸದ್ದಿಗೆ ಗೋಡೆಯ ಮೇಲಿನ ಒಂದು ಸ್ಪ್ಯಾನರು ಕೆಳಗೆ ಬಿತ್ತು.

"ಅವಳ ಜಾಗದಲ್ಲಿ ನಾನಿದ್ರೂ ಹಾಗೇ ಮಾಡ್ತಿದ್ದೆ," ಎನ್ನುತ್ತಾರೆ ಅಟ್ರಾಕ್ಟಾ. ಆ ದಿನ ಅವರು ಇನ್ನು ಯಾವ ಕೆಲಸವನ್ನೂ ಮುಟ್ಟಲಿಲ್ಲ. ಎಂಜಿನ್ನಿನ ಮೇಲೆ ಹೊದಿಕೆ ಹಾಕಿ, ಅಡುಗೆಮನೆಗೆ ಹೋಗಿ ಒಂದಲ್ಲ, ಮೂರು ಸೋಡಾ ಬ್ರೆಡ್ ಬೇಯಿಸಿದರು. ಮನಸ್ಸು ಕೆಟ್ಟಾಗ ಹಾಗೇ ಮಾಡುತ್ತಾರಂತೆ. ಕಾಂಡಿಯ ಪ್ರಕಾರ ಮೂರು ಬ್ರೆಡ್ ಆದದ್ದು ಅದು ಎರಡನೇ ಸಲ.

ಸಂಜೆ ಐದೂವರೆಗೆ ಅಂಗಳದಲ್ಲಿ ಕಾರು ನಿಂತ ಸದ್ದಾಯಿತು. ಟ್ರೇಲರ್ ಇರಲಿಲ್ಲ. ಇಳಿದದ್ದು ಬ್ರೋನಾ ಮಾತ್ರವಲ್ಲ, ಜೊತೆಗೆ ಅವಳ ತಾಯಿ ಮಜೆಲ್ಲಾ. ಇಪ್ಪತ್ತೆಂಟು ವರ್ಷದಲ್ಲಿ ಮಜೆಲ್ಲಾ ಈ ಅಂಗಳಕ್ಕೆ ಕಾಲಿಟ್ಟವಳಲ್ಲ. ಕಾರಿಗೆ ಏನೇ ಆದರೂ ಗಂಡನನ್ನು ಕಳಿಸುತ್ತಿದ್ದಳು. ಅಟ್ರಾಕ್ಟಾ ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದರು.

"ಮಜೆಲ್ಲಾ, ಮತ್ತೆ ನಾನೇ ತಪ್ಪು ಮಾಡಿದೆ. ದಯವಿಟ್ಟು..."

"ನಿಲ್ಲಿಸು!" ಮಜೆಲ್ಲಾ ಕೈ ಎತ್ತಿದಳು. "ಇದಕ್ಕೇ ಕಣೇ ನಾನು ಈ ಕಡೆ ಬರದೇ ಇದ್ದದ್ದು. ಅಂಗಡೀಲಿ ಸಿಕ್ಕಿದ್ರೆ ಕ್ಷಮಿಸು ಅಂತೀಯ. ಚರ್ಚಿನಲ್ಲಿ ಸಿಕ್ಕಿದ್ರೆ ಕ್ಷಮಿಸು ಅಂತೀಯ. ನಮ್ಮಪ್ಪನ ಮಣ್ಣಿನ ದಿನ ಸಮಾಧಾನ ಹೇಳೋಕೆ ಬಂದವಳು ಅಲ್ಲೂ ಕ್ಷಮಿಸು ಅಂದೆ! ಇನ್ನು ನಿನ್ನ ಮನೆ ಬಾಗಿಲಿಗೇ ಬಂದ್ರೆ ಏನು ಗತಿ ಅಂತ ಹೆದರ್ಕೊಂಡಿದ್ದೆ ಮಾರಾಯ್ತಿ."

ಕಾಂಡಿ ನಗು ತಡೆಯಲಾರದೆ ಬಾಗಿಲ ಹಿಂದೆ ಸರಿದರು.

ಮಜೆಲ್ಲಾ ಮಗಳ ಕಡೆ ತಿರುಗಿದಳು. "ನಾನು ಕೂತಿದ್ದ ಕಾರು ಗಂಟೆಗೆ ಮೂವತ್ತು ಮೈಲಿಯಲ್ಲಿತ್ತು. ನಿಂತಿತು, ನಡೆದೆ. ಬೂಟು ಹಾಳಾಯ್ತು ಅಷ್ಟೆ. ನೀನು ಗಂಟೆಗೆ ನೂರು ಮೈಲಿಯಲ್ಲಿ ಕಲ್ಲುಗೋಡೆ ಪಕ್ಕದಲ್ಲಿ ಹೋಗುವವಳು. ಅಲ್ಲಿ ಎಂಜಿನ್ ಹಿಡಿದ್ರೆ ಚಕ್ರಾನೂ ಹಿಡಿಯುತ್ತೆ. ಆಮೇಲೆ ನಡೆಯೋ ಮಾತಿಲ್ಲ." ಮತ್ತೆ ಅಟ್ರಾಕ್ಟಾರಿಗೆ, "ನಿನಗೆ ಎಷ್ಟು ದಿನ ಬೇಕೋ ತಗೋ. ಇವಳ ಮಾತು ಕೇಳಬೇಡ."

ಬ್ರೋನಾ ಶೆಡ್ಡಿನ ಬಾಗಿಲ ಕಡೆ ನೋಡಿದಳು. "ಸ್ಪ್ಯಾನರ್ ಬಿತ್ತು ಅಲ್ವಾ, ಬೆಳಿಗ್ಗೆ?" ಅಂದಳು.

"ಬಿತ್ತು."

"ಕ್ಷಮಿಸಿ."

"ಅಯ್ಯೋ, ಇವಳಿಗೂ ಅಂಟಿತು!" ಎಂದು ಮಜೆಲ್ಲಾ ಕೂಗಿದಳು. ನಾಲ್ವರೂ ಅಡುಗೆಮನೆಗೆ ಹೋದರು. ಮೂರು ಬ್ರೆಡ್ಡಿನಲ್ಲಿ ಎರಡು ಮುಗಿದವು.

ಬೇರಿಂಗು ಬಂದದ್ದು ಹನ್ನೆರಡನೇ ದಿನ. ಈಸ್ಟರ್ ಓಟವನ್ನು ಬ್ರೋನಾ ಬೇಲಿಯ ಹೊರಗೆ ನಿಂತು ನೋಡಿದಳು; ಹುಡುಗರು ಕುಟುಕಿದರು, ಅವಳೂ ಬಿಟ್ಟುಕೊಡಲಿಲ್ಲ. ಅಷ್ಟರಲ್ಲಿ ಅಟ್ರಾಕ್ಟಾ ಐದೂ ಮುಚ್ಚಳಗಳನ್ನು ತೆಗೆದು, ಇಡೀ ಬ್ಲಾಕನ್ನು ಮತ್ತೊಮ್ಮೆ ಮೊದಲಿಂದ ತೊಳೆದಿದ್ದರು. ಒಂದು ಚೂರು ತಪ್ಪಿಸಿಕೊಂಡಿದ್ದರೆ ಎರಡನೆಯದೂ ತಪ್ಪಿಸಿಕೊಂಡಿರಬಹುದಲ್ಲ ಎಂಬುದು ಅವರ ಅನುಮಾನ. ಎರಡನೆಯದು ಸಿಗಲಿಲ್ಲ. "ಸಿಗಲಿಲ್ಲ ಅಂತ ಗೊತ್ತಾಗೋಕೂ ತೊಳೀಬೇಕು," ಎನ್ನುತ್ತಾರೆ.

ಮೇ ತಿಂಗಳ ಮೊದಲ ಶನಿವಾರ ಎಂಜಿನ್ ಚಾಲೂ ಮಾಡುವ ದಿನ. ನಾನೂ ಹೋಗಿದ್ದೆ. ಎಂಜಿನ್ ವಾಪಸ್ ಕೂರಿಸಿದ ಕಾರಿನಲ್ಲಿ ಕೂತು ಬ್ರೋನಾ ಕೀಲಿಗೆ ಕೈ ಹಾಕಿದಾಗ ಅಟ್ರಾಕ್ಟಾ ತಡೆದರು. ಹೊಸದಾಗಿ ಕಟ್ಟಿದ ಎಂಜಿನ್ನಿನ ಮೈಯೆಲ್ಲ ಒಣಗಿರುತ್ತದೆ. ಮೊದಲ ಹತ್ತು ಸೆಕೆಂಡಿನಲ್ಲಿ ಎಣ್ಣೆ ತಲುಪದಿದ್ದರೆ ಅರವತ್ತೈದು ಗಂಟೆಯ ಕೆಲಸ ಮಣ್ಣುಪಾಲು. ಅವರು ಮೊದಲು ಡ್ರಿಲ್ಲಿನಿಂದ ಆಯಿಲ್ ಪಂಪನ್ನು ತಿರುಗಿಸಿದರು. ಎಣ್ಣೆಯ ಒತ್ತಡ ತೋರಿಸುವ ಮುಳ್ಳಿನ ಮೇಲೇ ಎಲ್ಲರ ಕಣ್ಣು. ಮುಳ್ಳು ಎದ್ದಿತು. ಡ್ರಿಲ್ಲನ್ನು ತೆಗೆದು, ಬಿಚ್ಚಿದ್ದ ಭಾಗವನ್ನು ಗುರುತಿಗೆ ಸರಿಯಾಗಿ ಕೂರಿಸಿದರು.

"ಈಗ ಹಾಕು. ಒಂದೇ ಸಲಕ್ಕೆ ಹತ್ತಬೇಕು. ಹತ್ತಿದ್ಮೇಲೆ ಗೊರಗೊರ ಅನ್ನೋಕೆ ಬಿಡಬೇಡ, ನಿಮಿಷಕ್ಕೆ ಎರಡು ಸಾವಿರ ಸುತ್ತಿನಲ್ಲಿ ಹಿಡಿ. ಇಪ್ಪತ್ತು ನಿಮಿಷ. ನಿಂಗೆ ಮೂಗು ತುರಿಸಿದ್ರೂ ಕಾಲು ತೆಗೀಬೇಡ."

ಹತ್ತಿತು. ಒಂದು ಕೆಮ್ಮು, ಆಮೇಲೆ ತಗಡೆಲ್ಲ ಅದುರುವ ಗರ್ಜನೆ. ಮಜೆಲ್ಲಾ ಎರಡೂ ಕಿವಿ ಮುಚ್ಚಿಕೊಂಡು ನಗುತ್ತಿದ್ದಳು. ಬ್ರೋನಾಳ ಕೆನ್ನೆ ಒದ್ದೆಯಾಗಿತ್ತು, ಹೊಗೆ ಅಂದಳು. ಅಟ್ರಾಕ್ಟಾ ಮಾತ್ರ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಬ್ಲಾಕಿಗೆ ಒತ್ತಿ, ಹಿಡಿಯನ್ನು ಕಿವಿಗಿಟ್ಟುಕೊಂಡು, ಡಾಕ್ಟರು ಎದೆ ಕೇಳುವ ಹಾಗೆ ಒಂದೊಂದೇ ಜಾಗ ಕೇಳುತ್ತಾ ಹೋದರು. ಮೂರನೇ ಬೇರಿಂಗಿನ ಹತ್ತಿರ ಬಹಳ ಹೊತ್ತು ನಿಂತರು.

"ಏನನ್ನುತ್ತೆ?" ಕಾಂಡಿ ಕಿರುಚಿ ಕೇಳಿದರು.

"ಏನೂ ಅನ್ನಲ್ಲ!" ಅವರೂ ಕಿರುಚಿದರು. ಮುಖದ ತುಂಬ ನಗು.

ಜೂನ್ ತಿಂಗಳ ದೊಡ್ಡ ರ‍್ಯಾಲಿಯ ಮೂರು ದಿನದಲ್ಲಿ ನೂರಾ ನಲವತ್ತು ಕಾರು ಹೊರಟು, ಎಂಬತ್ತಾರು ಮಾತ್ರ ಗುರಿ ಮುಟ್ಟಿದವು. ಬ್ರೋನಾ ನಲವತ್ತೊಂದನೆಯವಳು. ಕೊನೆಯ ದಿನ ಅಟ್ರಾಕ್ಟಾ ಮತ್ತು ಕಾಂಡಿ ಗುಡ್ಡದ ಮೇಲಿನ ಒಂದು ತಿರುವಿನಲ್ಲಿ, ಮಡಚುವ ಕುರ್ಚಿ ಹಾಕಿಕೊಂಡು, ಹ್ಯಾಮ್ ಸ್ಯಾಂಡ್‌ವಿಚ್ಚು ಮತ್ತು ಫ್ಲಾಸ್ಕಿನ ಟೀ ಇಟ್ಟುಕೊಂಡು ಕೂತಿದ್ದರು. ಬ್ರೋನಾಳ ಕಾರು ಬರುವುದು ಕಣ್ಣಿಗೆ ಕಾಣುವ ಎಷ್ಟೋ ಮೊದಲೇ ಅಟ್ರಾಕ್ಟಾ ಲೋಟ ಕೆಳಗಿಟ್ಟರು. "ಅವಳೇ," ಅಂದರು. ಕಾರು ಕಲ್ಲು ಹಾರಿಸುತ್ತಾ ಬಂದು, ಅಡ್ಡಡ್ಡ ಜಾರಿ, ಹೋಯಿತು. ಅವರು ಆಗಲೂ ಕಾರನ್ನು ನೋಡಲಿಲ್ಲ. ತಲೆ ಓರೆ ಮಾಡಿ, ಸದ್ದು ಗುಡ್ಡದಾಚೆ ಕರಗುವವರೆಗೂ ಕೇಳುತ್ತಾ ಕೂತರು. ಆಮೇಲೆ ಕುರ್ಚಿ ಮಡಚಿದರು. ಬಹುಮಾನ ಹಂಚುವ ಸಭೆಗೆ ಹೋಗಲಿಲ್ಲ. ಅಲ್ಲಿ ಬ್ರೋನಾಳಿಗೆ ಹೊಸಬರ ವರ್ಗದಲ್ಲಿ ಒಂದು ಪುಟ್ಟ ಕಪ್ ಬಂತು. ಮೈಕಿನ ಮುಂದೆ ಗಾಬರಿಯಾಗಿ ದಾರಿ ಓದಿದವಳಿಗೆ, ಟೈರಿನವರಿಗೆ, ಕ್ಲಿನಿಕ್ಕಿನ ಡಾಕ್ಟರಿಗೆ, ಅಮ್ಮನಿಗೆ ಥ್ಯಾಂಕ್ಸ್ ಹೇಳಿ ಇಳಿದುಬಿಟ್ಟಳು. ಮರುದಿನ ತಲೆ ಚಚ್ಚಿಕೊಂಡು ಶೆಡ್ಡಿಗೆ ಓಡಿಬಂದಳು.

"ನನ್ನ ಹೆಸರು ಮರೀತಂತೆ," ಎಂದು ಅಟ್ರಾಕ್ಟಾ ನನಗೆ ಹೇಳಿದ್ದು ಬಹಳ ಸಂತೋಷದಲ್ಲೇ. "ಎಂಜಿನ್ ಸರಿ ಇದ್ರೆ ಅದು ಇದೆ ಅಂತಾನೇ ನೆನಪಾಗಬಾರದು. ಮೂರು ದಿನ ಅವಳಿಗೆ ಅದು ನೆನಪಾಗಲಿಲ್ಲ. ಇನ್ನೇನು ಬೇಕು?"

ನಿಜಕ್ಕೂ ಇನ್ನೇನೂ ಬೇಡವೇ ಎಂದು ಒತ್ತಿ ಕೇಳಿದೆ. ಅವರು ಕೈಯಲ್ಲಿದ್ದ ಬ್ರಷ್ಷನ್ನು ಸೋಪಿನ ನೀರಿನಲ್ಲಿ ಅದ್ದಿ, ಅದರಿಂದಲೇ ಅಂಗಳದ ಕಡೆ ತೋರಿಸಿದರು. ಮುನ್ನೂರು ಚಿಲ್ಲರೆ ಎಂಜಿನ್ ಕಟ್ಟಿದ ಈ ಮನೆಯವರ ಸ್ವಂತ ಕಾರು ಅಂಗಳದಲ್ಲಿ ನಿಂತಿದೆ. ಇಪ್ಪತ್ತೊಂದು ವರ್ಷ ಹಳೆಯದು. ಚಾಲೂ ಮಾಡಿದರೆ ಡಬ್ಬದಲ್ಲಿ ಮೊಳೆ ಹಾಕಿ ಅಲ್ಲಾಡಿಸಿದ ಸದ್ದು. ದಿಬ್ಬ ಹತ್ತುವಾಗ ನೀಲಿ ಹೊಗೆ.

"ಅದರ ಎಂಜಿನ್ ಇಳಿಸಬೇಕು," ಅಂದರು. "ಎರಡು ವಾರ ಬಾಗಿಲು ಹಾಕಿ, ಯಾರದೂ ಬೇರೆ ಕೆಲಸ ಮುಟ್ಟದೆ, ನಮ್ಮದೇ ಎಂಜಿನ್ ಬಿಚ್ಚಿ ಕಟ್ಟಬೇಕು. ಆಮೇಲೆ ಕಾಂಡಿನ ಕೂರಿಸ್ಕೊಂಡು ದಕ್ಷಿಣದ ಕೆರಿ ಜಿಲ್ಲೆಗೆ, ಅವನ ತಂಗಿ ಮನೆಗೆ ಹೋಗಬೇಕು. ಮಧ್ಯ ಎಲ್ಲಾದರೂ ಸಮುದ್ರದ ಹತ್ತಿರ ನಿಲ್ಲಿಸಿ ಊಟ ಮಾಡಬೇಕು. ಅಷ್ಟೇ."

"ಒಂಬತ್ತು ವರ್ಷದಿಂದ ಇದನ್ನೇ ಹೇಳ್ತಿದ್ದಾಳೆ," ಕಾಂಡಿ ಕುರ್ಚಿಯಿಂದ ನನ್ನ ಕಡೆ ಪೆನ್ಸಿಲ್ ಆಡಿಸಿದರು. "ತಾರೀಖು ಕೇಳಿ. ತಾರೀಖು ಸಮೇತ ಪೇಪರಿನಲ್ಲಿ ಹಾಕಿಬಿಡಿ, ಆಗ ತಪ್ಪಿಸ್ಕೊಳ್ಳೋಕಾಗಲ್ಲ."

ಅಟ್ರಾಕ್ಟಾ ಗಂಡನನ್ನು ಒಮ್ಮೆ ನೋಡಿದರು, ಅಂಗಳದ ಕಾರನ್ನು ಒಮ್ಮೆ ನೋಡಿದರು.

"ಸೆಪ್ಟೆಂಬರ್ ಹದಿನೈದು," ಅಂದರು. "ಹಾಕಿ."

ಹಾಕಿದ್ದೇನೆ.